ಹಂಪಿನೋ, ದಿವ್ಯಾನೋ?

ಅಕ್ಕಾರ, 2025ರ ಜುಲೈದಾಗ ಜಾರ್ಜಿಯಾ ದೇಶದ ಬಟೂಮಿ ಊರಾಗ ಹೆಣ್ಮಕ್ಕಳ ಚೆಸ್ ವಿಶ್ವಕಪ್ ನಡೀತಲ್ರಿ, ಫೈನಲ್‌ಗೆ ಬಂದಾವ್ರು ಇಬ್ರೂ ನಮ್ಮ ದೇಶದಾವ್ರ. ನಾಗಪುರದ ದಿವ್ಯಾ ದೇಶಮುಖ್‌ಗ 19 ವರ್ಷ, ಆಂಧ್ರದ ಕೊನೇರು ಹಂಪಿಗೆ 38. ದಿವ್ಯಾ ಹುಟ್ಟೂಕಿಂತ ಮೊದ್ಲ, 2002ರಾಗ, ಹಂಪಿ ಗ್ರ್ಯಾಂಡ್‌ಮಾಸ್ಟರ್ ಆಗಿದ್ಲು.

ನನ್ನ ಮಗಳು ದಿವ್ಯಾನ ಕಡೆ, ನಾ ಹಂಪಿ ಕಡೆ. ಬಸರು, ಬಾಣಂತನ ಅಂತ ಆಟ ಬಿಟ್ಟಾಕಿ ತಿರುಗಿ ಬಂದು 2019ರಾಗ ರ‍್ಯಾಪಿಡ್ ವಿಶ್ವ ಚಾಂಪಿಯನ್ ಆದ್ಲು. ನಾ ಹಡದ ಮ್ಯಾಲೆ ಚೆಸ್ ಬೋರ್ಡ್ ಮುಟ್ಟೇ ಇಲ್ರಿ. ಅದಕ್ಕ ಅಕಿ ಗೆಲ್ಲಲಿ ಅಂತ ಆಸೆ.

ಎರಡೂ ಆಟ ಡ್ರಾ ಆದ್ವು. 28ನೇ ತಾರೀಖಿಗೆ ಟೈಬ್ರೇಕ್. ಒಲಿ ಮ್ಯಾಲೆ ಹಾಲಿಟ್ಟು ಮೊಬೈಲ್ ನೋಡಕೋತ ನಿಂತೆ, ಹಾಲು ಉಕ್ಕಿ ಹೋತು. ಹಂಪಿ ಸೋತ್ಲು. ದಿವ್ಯಾ ಅವ್ವನ್ನ ತೆಕ್ಕಿಬಡದು ಅಳೂದು ನೋಡಿ ನನಗೂ ಕಣ್ಣೀರು ಬಂತು. ಆ ಗೆಲುವಿನಿಂದನ ಅಕಿನೂ ಗ್ರ್ಯಾಂಡ್‌ಮಾಸ್ಟರ್ ಆದ್ಲು.

"ಅವ್ವಾ, ನಿನ್ನ ಹಂಪಿ ಸೋತ್ಲಲ್ಲ" ಅಂದ್ಲು ಮಗಳು.

"ಸೋತ್ರೇನಾತು, 38ಕ್ಕ ಫೈನಲ್ ಆಡ್ಯಾಳ. ನೀ ಅಟ್ಟದ ಮ್ಯಾಲಿಂದ ಬೋರ್ಡ್ ಇಳಸು" ಅಂದೆ.

ಆವತ್ತು ಮಗಳ ಕೈಯಾಗ ನಾನೂ ಸೋತೇನ್ರಿ. ಆದ್ರ ಬೋರ್ಡ್ ಮತ್ತ ಅಟ್ಟಕ್ಕ ಹೋಗಿಲ್ಲ.