ಮುಚ್ಚಿದ ಮಂದಿರ, ತುಂಬಿದ ಅಂಗಳ

ರೋಮ್ ನಗರದ ನಡುವೆ ಸುಮಾರು 110 ಎಕರೆಯಷ್ಟೇ ವಿಸ್ತಾರವುಳ್ಳ ವ್ಯಾಟಿಕನ್, ಕ್ಯಾಥೊಲಿಕ್ ಕ್ರೈಸ್ತರ ಪರಮೋಚ್ಚ ಗುರುಪೀಠದ ನೆಲೆ. ಅಲ್ಲಿಗೆ ಹೋದವರು ತಪ್ಪದೆ ನೋಡಬಯಸುವುದು ಸಿಸ್ಟೀನ್ ಪ್ರಾರ್ಥನಾಮಂದಿರವನ್ನು. 1508ರಿಂದ 1512ರವರೆಗೆ ಮೈಕೆಲೇಂಜೆಲೊ ಶ್ರಮವಹಿಸಿ ಚಿತ್ರಿಸಿದ ಅದರ ಒಳಚಾವಣಿ ಜಗತ್ಪ್ರಸಿದ್ಧವಾದುದು. ಆದರೆ ಅದು ಕೇವಲ ಚಿತ್ರಶಾಲೆಯಲ್ಲ. ನೂತನ ಪೋಪರನ್ನು ಆರಿಸುವ ಸ್ಥಾನವೂ ಹೌದು. ಆ ಕಾರ್ಯ ಒದಗಿದಾಗ ಪ್ರೇಕ್ಷಕರಿಗೆ ಅಲ್ಲಿ ಪ್ರವೇಶವಿರುವುದಿಲ್ಲ.

2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ನಿಧನರಾದರು. ಅದು 25 ವರ್ಷಕ್ಕೊಮ್ಮೆ ಬರುವ ಜುಬಿಲಿಯ ಪುಣ್ಯವರ್ಷ; ದೇಶದೇಶಗಳ ಯಾತ್ರಿಕರು ರೋಮಿಗೆ ಬರುತ್ತಿದ್ದ ಕಾಲ. ಏಪ್ರಿಲ್ 28ರಿಂದ ಸಿಸ್ಟೀನ್ ಮಂದಿರವನ್ನು ಸಂದರ್ಶಕರಿಗೆ ಮುಚ್ಚಲಾಯಿತು. ವಸ್ತುಸಂಗ್ರಹಾಲಯದ ಉಳಿದ ಭಾಗಗಳು ತೆರೆದಿದ್ದವು, ನಿಜ. ಆದರೆ ವರ್ಷಗಟ್ಟಲೆ ಹಣ ಕೂಡಿಟ್ಟು, ಬಾಳಿನಲ್ಲೊಮ್ಮೆ ಅಷ್ಟು ದೂರ ಬಂದವರಿಗೆ ಅಷ್ಟರಿಂದ ತೃಪ್ತಿಯಾದೀತೆ? ಅವರ ನಿರಾಶೆಯನ್ನು ಹಗುರಾಗಿ ಎಣಿಸಲಾಗದು.

ಮೇ 7ರಂದು 133 ಮಂದಿ ಕಾರ್ಡಿನಲ್‌ಗಳು ಮಂದಿರವನ್ನು ಹೊಕ್ಕರು; ಬಾಗಿಲು ಮುಚ್ಚಿತು. ಹೊರಲೋಕದ ಸಂಪರ್ಕವಿಲ್ಲ. ಮೂರರಲ್ಲಿ ಎರಡು ಪಾಲು, ಅಂದರೆ 89 ಮತಗಳು ಒಬ್ಬರಿಗೇ ಬೀಳುವವರೆಗೆ ಆಯ್ಕೆಯಿಲ್ಲ. ಹೊರಗಿನವರಿಗೆ ಕಾಣುವುದು ಮಂದಿರದ ಮೇಲಿನ ಹೊಗೆಕೊಳವೆ ಮಾತ್ರ. ಕಪ್ಪುಹೊಗೆ ಬಂದರೆ ತೀರ್ಮಾನವಾಗಿಲ್ಲವೆಂದೂ ಬಿಳಿಹೊಗೆ ಬಂದರೆ ಆಯ್ಕೆಯಾಯಿತೆಂದೂ ತಿಳಿಯಬೇಕು. ಮರುದಿನ ಸಂಜೆ ಬಿಳಿಹೊಗೆ ಏರಿತು. ಸಂತ ಪೀಟರರ ಚೌಕದಲ್ಲಿ ನೆರೆದಿದ್ದ ಸಹಸ್ರಾರು ಜನರಿಗೆ ಹದಿನಾಲ್ಕನೆಯ ಲಿಯೊ ಮೊಗಸಾಲೆಯಿಂದ ದರ್ಶನವಿತ್ತರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜನಿಸಿ ಆ ಪೀಠವೇರಿದವರಲ್ಲಿ ಅವರೇ ಮೊದಲಿಗರು.

ಸ್ಥಾವರ ಜಂಗಮಗಳ ವಿವೇಕವನ್ನು ಶರಣರಿಂದ ಪಡೆದ ನಮಗೆ ಇದರ ಮರ್ಮ ಅರಿಯದುದೇನಲ್ಲ. ಭಕ್ತಸಮೂಹವು ತನ್ನ ಕಾರ್ಯಕ್ಕಾಗಿ ಕಟ್ಟಿಕೊಂಡ ಮನೆ ಅದು. ಆ ಕಾರ್ಯ ನಡೆಯುವಾಗ ನೋಟಕರು ಹೊರಗೆ ನಿಲ್ಲುವುದೇ ನ್ಯಾಯ. ಹಾಗೆ ನಿಂತವರು ಗೋಡೆಯ ಚಿತ್ರಗಳನ್ನು ಕಾಣದೆ ಹೋದರೂ, ಆ ಗೋಡೆಗಳು ಯಾರಿಗಾಗಿ ಎದ್ದವೋ ಅವರ ನಂಬಿಕೆಯನ್ನು ಕಣ್ಣಾರೆ ಕಂಡರು.

ರೋಮಿಗೆ ಹೊರಡುವ ಬಂಧುಗಳಿಗೆ ಒಂದು ಮಾತು. ಪೀಠ ತೆರವಾದ ಬಳಿಕ ಸಾಮಾನ್ಯವಾಗಿ 15ರಿಂದ 20 ದಿನಗಳೊಳಗೆ ಚುನಾವಣೆ ಆರಂಭವಾಗುವುದು. ಎಂದು ಮುಗಿಯುವುದೆಂದು ಯಾರೂ ಮೊದಲೇ ಹೇಳಲಾರರು. ಅಂಥ ಸಮಯದಲ್ಲಿ ಮಂದಿರ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿರಿ. ಮುಚ್ಚಿದ್ದರೆ ಮನಸ್ಸು ಮುರಿದುಕೊಳ್ಳದೆ, ಅಂಗಳದಲ್ಲಿ ನಿಂತು ಆ ಜನರೊಡನೆ ಕಾಯಿರಿ. ಅದೂ ಯಾತ್ರೆಯೇ.