ಮಾವ ಕೇಳಿದ ಮಿಷನ್ನು

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಸೋದರಮಾವ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. ಪರದೆಯ ಮೇಲೆ ಮೂರು ಮೆಟಲ್ ಡಿಟೆಕ್ಟರುಗಳು. "ಹಳೇ ಕಾಲದ್ದೇ ಓದ್ತಿದ್ದೀಯಲ್ಲ, ಇದ್ರಲ್ಲಿ ಯಾವುದು ಆಳಕ್ಕೆ ಹೋಗುತ್ತೆ ಹೇಳು" ಎಂದರು. ಎರಡು ಬೋರ್‌ವೆಲ್ ಫೇಲಾಗಿದ್ದವು. ಹೊಲದಾಚೆಯ ದಿಬ್ಬದಲ್ಲಿ ಪಾಂಡವರ ಕಲ್ಲು ಎಂದು ಎಲ್ಲರೂ ಕರೆಯುವ ಕಲ್ಲುವೃತ್ತಗಳಿವೆ. ಅವರ ಲೆಕ್ಕಾಚಾರ ನನಗೆ ತಕ್ಷಣ ಅರ್ಥವಾಯಿತು.

ನನ್ನ ಪಿಎಚ್.ಡಿ. ವಿಷಯವೇ ಇಂಥ ಸಮಾಧಿಗಳ ಕಬ್ಬಿಣ. ಬೈದು ಸುಮ್ಮನಾಗಬಹುದಿತ್ತು. ಆದರೆ ಐದು ವರ್ಷದಲ್ಲಿ ಮನೆಯವರು ನನ್ನ ಓದಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಜಗಲಿಯಲ್ಲಿ ಮಾವನ ಇಬ್ಬರು ಸ್ನೇಹಿತರೂ ಇದ್ದರು. ನಾನು ಮೇಷ್ಟ್ರಾಗಿಬಿಟ್ಟೆ.

ಸಾಮಾನ್ಯ ಡಿಟೆಕ್ಟರು ವಿಎಲ್‌ಎಫ್ ಎಂಬ ಬಗೆಯದು. ಒಂದು ಸುರುಳಿ ಕಾಂತಕ್ಷೇತ್ರ ಹೊಮ್ಮಿಸುತ್ತದೆ, ಇನ್ನೊಂದು ಲೋಹದಿಂದ ಮರಳುವ ಸಂಕೇತಕ್ಕೆ ಕಿವಿಗೊಡುತ್ತದೆ. ಒಂಟಿ ನಾಣ್ಯವಾದರೆ ಗೇಣು, ಹೆಚ್ಚೆಂದರೆ ಒಂದಡಿಯ ಆಳ. ಕಬ್ಬಿಣದಂಶ ಹೆಚ್ಚಿರುವ ನಮ್ಮ ಕೆಂಪು ಮಣ್ಣಿನಲ್ಲಿ ಅದೂ ತಡವರಿಸುತ್ತದೆ. ಪಲ್ಸ್ ಇಂಡಕ್ಷನ್ ಬಗೆಯದು ಇಂಥ ಮಣ್ಣನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಇನ್ನಷ್ಟು ಆಳಕ್ಕೂ ಇಳಿಯುತ್ತದೆ. ಆದರೆ ಚಿನ್ನ ಯಾವುದು, ಮೊಳೆ ಯಾವುದು ಎಂದು ಹೇಳುವುದರಲ್ಲಿ ದಡ್ಡ. ಸುರುಳಿ ದೊಡ್ಡದಾದಷ್ಟೂ ಆಳ ಹೆಚ್ಚು, ಸಣ್ಣ ವಸ್ತು ತಪ್ಪಿಹೋಗುವ ಸಂಭವವೂ ಹೆಚ್ಚು. ಎರಡು ಪೆಟ್ಟಿಗೆಗಳನ್ನು ಕೋಲಿನ ಎರಡು ತುದಿಗೆ ಕಟ್ಟಿದಂಥ ಯಂತ್ರವೊಂದಿದೆ. ಅದು ನಾಣ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮೀಟರಿನಾಚೆಯ ಕೊಪ್ಪರಿಗೆಯಂಥ ದೊಡ್ಡ ಲೋಹವನ್ನೇ ಹುಡುಕುತ್ತದೆ. ಕೊಪ್ಪರಿಗೆ ಎಂದಾಗ ಮೂವರ ಕಣ್ಣೂ ಅರಳಿತು. ನನಗೂ ಹುರುಪು ಬಂತು.

ಡಿಟೆಕ್ಟರಿನಲ್ಲಿ ಡಿಸ್ಕ್ರಿಮಿನೇಷನ್ ಎಂಬ ಗುಂಡಿ ಇರುತ್ತದೆ, ತಾರತಮ್ಯದ ಗುಂಡಿ. ತಿರುಗಿಸಿದರೆ ಕಬ್ಬಿಣದ ಸದ್ದು ಅಡಗುತ್ತದೆ. ನಿಧಿ ಹುಡುಕುವವರು ಮೊದಲು ತಿರುಗಿಸುವುದು ಅದನ್ನೇ. ನಾನು ಹುಡುಕುವುದು ಅವರು ಅಡಗಿಸಿದ ಸದ್ದನ್ನು. 1947ರಲ್ಲಿ ವೀಲರ್ ಬ್ರಹ್ಮಗಿರಿಯ ಸಮಾಧಿಗಳನ್ನು ಅಗೆದಾಗ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣದ ಹತಾರ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂಬುದರಲ್ಲೇ ಅವುಗಳ ಬೆಲೆ. ಕಿತ್ತು ತೆಗೆದರೆ ಗುಜರಿ.

ಕಾನೂನನ್ನೂ ಹೇಳಿದೆ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಬಚ್ಚಿಟ್ಟರೆ ಅಪರಾಧ. "ಹತ್ತು ರೂಪಾಯಿಗಾ!" ಎಂದು ಮೂವರೂ ನಕ್ಕರು. ಮಾವ ಮೊಬೈಲನ್ನು ಜೇಬಿಗಿಟ್ಟುಕೊಂಡು, "ಅಂದ್ರೆ ನಮಗೆ ಗಿಟ್ಟೋದಲ್ಲ ಬಿಡು" ಎಂದರು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಸಂಕ್ರಾಂತಿಗೆ ಹೋದಾಗ ದಿಬ್ಬ ಹತ್ತಿದೆ. ದೊಡ್ಡ ವೃತ್ತದ ನಡುವೆ ಆಳುದ್ದದ ಗುಂಡಿ. ಚಪ್ಪಡಿ ಒಡೆದಿತ್ತು. ಮಡಕೆಯ ಚೂರುಗಳನ್ನು ಸಲಿಕೆಯಲ್ಲಿ ಎತ್ತಿ ಆಚೆ ಸುರಿದಿದ್ದರು. ಆ ರಾಶಿಯ ಮೇಲೆ ಎರಡು ತುಂಡಾದ ಕಬ್ಬಿಣದ ಅಲಗು. ಮುರಿದ ಅಂಚು ಹೊಸದಾಗಿತ್ತು.

"ನಾನಲ್ಲ ಕಣೋ" ಎಂದರು ಮಾವ, ನಾನು ಕೇಳುವ ಮೊದಲೇ. ನಂಬಿದೆ. ಅವರ ಹತ್ತಿರ ಮಿಷನ್ನು ಕೊಳ್ಳುವಷ್ಟು ದುಡ್ಡೂ ಇರಲಿಲ್ಲ. ಆದರೆ ಆವತ್ತು ಜಗಲಿಯಲ್ಲಿ ಕೂತು ಕೇಳಿದವರು ಮೂವರು. ಯಾವುದು ಆಳಕ್ಕೆ ಹೋಗುತ್ತದೆ ಎಂದು ಅಷ್ಟು ಬಿಡಿಸಿ ಹೇಳಿದವನು ನಾನು.

ಅಲಗಿನ ಎರಡು ತುಂಡುಗಳನ್ನು ಇದ್ದಲ್ಲೇ ಬಿಟ್ಟು, ಅಳತೆ, ಫೋಟೋ ತೆಗೆದು, ಗೈಡ್‌ಗೂ ಪುರಾತತ್ತ್ವ ಇಲಾಖೆಗೂ ಪತ್ರ ಬರೆದೆ. ಯಾರಾದರೂ ಬಂದು ಹೋಗಿದ್ದರೇ ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಕೂತಿದ್ದೆ.