ಮಿತಿಯೂ ಮಿಗತೆಯೂ

ಶ್ರೀಮಂತರು ಯಾರು ಎಂದು ಕೇಳಿದರೆ ತನ್ನತ್ತ ತೋರಿಸಿಕೊಳ್ಳುವವರು ವಿರಳ. ಒಂದು ಮನೆಯುಳ್ಳವನು ಎರಡು ಮನೆಯುಳ್ಳವನನ್ನು ತೋರಿಸುತ್ತಾನೆ. ಎರಡು ಮನೆಯುಳ್ಳವನು ಕಾರ್ಖಾನೆಯ ಒಡೆಯನನ್ನು ತೋರಿಸುತ್ತಾನೆ. ಕಾರ್ಖಾನೆಯ ಒಡೆಯನು ಬ್ಯಾಂಕಿನ ಸಾಲದ ಲೆಕ್ಕ ಹೇಳಿ ನಿಟ್ಟುಸಿರು ಬಿಡುತ್ತಾನೆ. ಸಿರಿತನವೆಂಬುದು ಯಾವಾಗಲೂ ಪಕ್ಕದ ಬೀದಿಯಲ್ಲಿಯೇ ವಾಸಿಸುತ್ತದೆ. ಆದುದರಿಂದಲೇ ತಿಂಗಳ ಕೊನೆಗೆ ಮಿಗುವುದೆಷ್ಟು ಎಂಬ ಪ್ರಶ್ನೆಗೂ ಬಹುತೇಕ ಮನೆಗಳಲ್ಲಿ ದೊರೆಯುವ ಉತ್ತರ ಒಂದೇ: ಮಿಗುವುದಾದರೂ ಏನು?

ಈ ಉತ್ತರ ಎಲ್ಲರ ಬಾಯಿಯಲ್ಲಿಯೂ ಒಂದೇ ಆದರೂ ಅದರ ಅರ್ಥ ಒಂದೇ ಅಲ್ಲ. 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರವು ನಡೆಸಿದ ಗೃಹಬಳಕೆ ವೆಚ್ಚದ ಸಮೀಕ್ಷೆಯಂತೆ, ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ವೆಚ್ಚ 4,122 ರೂಪಾಯಿ; ನಗರಗಳಲ್ಲಿ 6,996 ರೂಪಾಯಿ. ಹಳ್ಳಿಗಳ ಅತಿ ಕೆಳಗಿನ ನೂರಕ್ಕೆ ಐದು ಮಂದಿಯ ಸರಾಸರಿ 1,677 ರೂಪಾಯಿ ಮಾತ್ರ. ನಗರಗಳ ಅತಿ ಮೇಲಿನ ನೂರಕ್ಕೆ ಐದು ಮಂದಿಯ ಸರಾಸರಿ 20,310 ರೂಪಾಯಿ. ಕೋಟ್ಯಧಿಪತಿಗಳ ಮನೆಗಳು ಇಂತಹ ಸಮೀಕ್ಷೆಗಳ ಬಲೆಗೆ ಸುಲಭವಾಗಿ ಸಿಗುವುದಿಲ್ಲವೆಂಬುದು ನಿಜ. ಆದರೂ ನಾಲ್ವರಿರುವ ಸಂಸಾರವೊಂದು ನಗರದಲ್ಲಿ ತಿಂಗಳಿಗೆ 81,240 ರೂಪಾಯಿ ವ್ಯಯಿಸುತ್ತಿದ್ದರೆ ಅದು ಆ ಮೇಲಿನ ಐವರ ಸರಾಸರಿಯನ್ನು ಮುಟ್ಟಿದೆ ಎಂದೇ ಅರ್ಥ. ಅಂತಹ ಸಂಸಾರದವರಲ್ಲಿ ತಮ್ಮನ್ನು ಮಧ್ಯಮ ವರ್ಗದವರೆಂದು ಕರೆದುಕೊಳ್ಳದವರು ಎಷ್ಟು ಮಂದಿ?

ಸರ್ಕಾರದ ಅಳತೆಗೋಲೂ ಒಂದೇ ಆಗಿಲ್ಲ. ಕರ್ನಾಟಕದಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. 2019ರಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆ ಮೀಸಲಾತಿ ನೀಡಿದಾಗ ಗೊತ್ತುಪಡಿಸಿದ ಮಿತಿ 8 ಲಕ್ಷ. 2025ರ ಮುಂಗಡಪತ್ರವು ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಿತು. ಪ್ರತಿಯೊಂದು ಮಿತಿಗೂ ಅದರದೇ ಆದ ಕಾರಣವಿದೆ. ಆದರೆ ಇವುಗಳಲ್ಲಿ ಯಾವುದೂ ಮನುಷ್ಯನಿಗೆ ಸಾಕು ಎನಿಸುವ ಬಿಂದುವನ್ನು ತೋರಿಸಿಕೊಡಲಾರದು. ಅದು ಕಾನೂನಿನ ಕೆಲಸವೂ ಅಲ್ಲ.

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯಲ್ಲಿ ಈ ಪ್ರಶ್ನೆ ದೀಪಾವಳಿಯ ಲೆಕ್ಕಪತ್ರದೊಡನೆ ಎದ್ದುನಿಂತಿತು. ಅವರು 2001ರಲ್ಲಿ ಮುನಿಗಳ ಸಮ್ಮುಖದಲ್ಲಿ ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದವರು. ವಾಸದ ಮನೆಯೊಂದನ್ನು ಬಿಟ್ಟು ಉಳಿದುದೆಲ್ಲ ಸೇರಿ ಹತ್ತು ಲಕ್ಷ ರೂಪಾಯಿಯನ್ನು ಮೀರಕೂಡದು ಎಂಬುದು ಅಂದಿನ ಸಂಕಲ್ಪ. ಆಗ ಮನೆಯ ವರ್ಷದ ಖರ್ಚು ಒಂದು ಲಕ್ಷ. ಆದುದರಿಂದ ಹತ್ತು ಲಕ್ಷವೆಂದರೆ ಹತ್ತು ವರ್ಷಗಳ ನೆಮ್ಮದಿ. ಮನೆಯಲ್ಲಿದ್ದ ನೂರೈವತ್ತು ಗ್ರಾಂ ಚಿನ್ನದ ಬೆಲೆ ಆಗ ಮುಕ್ಕಾಲು ಲಕ್ಷಕ್ಕೂ ಕಡಿಮೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನವೇ ಒಂದು ಲಕ್ಷವನ್ನು ದಾಟಿತು. ಒಂದು ಗುಲಗಂಜಿಯಷ್ಟು ಬಂಗಾರವನ್ನೂ ಹೊಸದಾಗಿ ಕೊಳ್ಳದ ಮನೆಯಲ್ಲಿ ಬಂಗಾರವೊಂದೇ ವ್ರತದ ಮಿತಿಯನ್ನು ಮೀರಿತ್ತು!

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಮಗನು ಇದಕ್ಕೆ ಸುಲಭವಾದ ಪರಿಹಾರವನ್ನು ಹೇಳಿದನು. ಆದಾಯ ತೆರಿಗೆ ಇಲಾಖೆಯ ವೆಚ್ಚ ಹಣದುಬ್ಬರ ಸೂಚ್ಯಂಕವು 2001–02ರಲ್ಲಿ 100 ಇದ್ದದ್ದು 2025–26ಕ್ಕೆ 376 ಆಗಿದೆ. ಅಂದಿನ ಹತ್ತು ಲಕ್ಷವನ್ನು ಇಂದು 37.6 ಲಕ್ಷವೆಂದು ತಿಳಿದರೆ ಸರಿಹೋಯಿತು. ಅಷ್ಟಕ್ಕೂ ನಿಲ್ಲದೆ ಅವನು ತನ್ನ ಸಂಕಟವನ್ನೂ ತೋಡಿಕೊಂಡನು. ಗೃಹಸಾಲದ ಕಂತನ್ನು ಬಿಟ್ಟೇ ಅವನ ಮನೆಗೆ ತಿಂಗಳಿಗೆ ಒಂದು ಲಕ್ಷ ಬೇಕು. ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಲಕ್ಷಗಳು ನೀರಿನಂತೆ ಹರಿದುಹೋಗುವ ಈ ಕಾಲದಲ್ಲಿ ಮಿತಿ ಹಾಕಿಕೊಂಡು ಕುಳಿತುಕೊಳ್ಳುವುದು ವಿವೇಕವೇ ಅಪ್ಪಾಜಿ, ಎಂದು ಕೇಳಿದನು.

ಮಗನ ಮಾತನ್ನು ಲೋಭವೆಂದು ತಳ್ಳಿಹಾಕುವಂತಿರಲಿಲ್ಲ. ರೋಗದ ಭಯ ಸುಳ್ಳಲ್ಲ. ಒಂದು ಕಾಯಿಲೆಯಿಂದ ಹೊಲ ಮಾರಿಕೊಂಡ ಸಂಸಾರಗಳು ಊರೂರಿನಲ್ಲಿವೆ. ಆದರೆ ಭಯಕ್ಕೆ ಮೊತ್ತವೆಂಬುದಿಲ್ಲ. ಐದು ಲಕ್ಷವಿದ್ದಾಗ ಹತ್ತು ಲಕ್ಷದ ರೋಗವನ್ನು ಹೆದರುವ ಮನಸ್ಸು ಐವತ್ತು ಲಕ್ಷವಿದ್ದಾಗ ಕೋಟಿಯ ರೋಗವನ್ನು ಹೆದರುತ್ತದೆ. ಹಿರಿಯರು ಲೆಕ್ಕದ ಪುಸ್ತಕವನ್ನು ಮುಚ್ಚಿ, ಮರುದಿನ ಪರಿಚಿತ ಪಂಡಿತರೊಬ್ಬರಲ್ಲಿಗೆ ಹೋದರು.

ಪಂಡಿತರು ಸೂಚ್ಯಂಕದ ಚರ್ಚೆಗೆ ಇಳಿಯಲಿಲ್ಲ. ಶಾಸ್ತ್ರಕಾರರು ಪರಿಗ್ರಹವನ್ನು ಎಣಿಸಿದ ಬಗೆಯನ್ನು ನೆನಪಿಸಿದರು: ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪದಾರ್ಥ. ಅವರು ವಸ್ತುಗಳನ್ನು ಎಣಿಸಿದರೇ ಹೊರತು ವಸ್ತುಗಳ ಪೇಟೆಬೆಲೆಯನ್ನಲ್ಲ. ಇನ್ನು ತತ್ತ್ವಾರ್ಥಸೂತ್ರವು ಪರಿಗ್ರಹದ ಬೇರನ್ನು ವಸ್ತುವಿನಲ್ಲಿಯೂ ಕಾಣದೆ ಮೂರ್ಛೆಯಲ್ಲಿ, ಎಂದರೆ ನನ್ನದೆಂಬ ಮೋಹದಲ್ಲಿ ಕಾಣುತ್ತದೆ. ಬೆಲೆ ಏರಿದುದರಿಂದ ಬಂಗಾರ ಬೆಳೆಯಲಿಲ್ಲ. ಬೆಲೆ ಏರಿತೆಂದು ಹಿಗ್ಗಿದ್ದರೆ ಮೂರ್ಛೆ ಬೆಳೆದಿದೆ. ತೂಕವನ್ನು ಗ್ರಾಂನಲ್ಲಿ ಕಟ್ಟಿಹಾಕಿ, ಹಣವನ್ನು ಮಾತ್ರ ಅಂದಿನ ಭಾವದಂತೆ ಹತ್ತು ವರ್ಷಗಳ ಖರ್ಚಿಗೆ ನಿಲ್ಲಿಸಿ ಎಂದು ಅವರು ಸೂಚಿಸಿದರು.

ಈ ಸೂಚನೆಯಲ್ಲಿದ್ದ ಬಿರುಕನ್ನು ಕಂಡವರು ಮನೆಯಾಕೆ. ಖರ್ಚು ಹೆಚ್ಚಿಸಿಕೊಂಡರೆ ಮಿತಿಯೂ ತಾನಾಗಿ ಹೆಚ್ಚುತ್ತದೆ; ಖರ್ಚಿಗೇ ಕಟ್ಟಿಲ್ಲದೆ ಗಂಟಿಗೆ ಕಟ್ಟು ಹಾಕಿ ಏನು ಫಲ, ಎಂಬುದು ಅವರ ಪ್ರಶ್ನೆ. ಅವರಿಗೆ ಶಾಸ್ತ್ರದ ಪರಿಭಾಷೆ ತಿಳಿದಿತ್ತೋ ಇಲ್ಲವೋ, ಕೇಳಿದುದು ಮಾತ್ರ ಭೋಗೋಪಭೋಗ ಪರಿಮಾಣದ ಮಾತನ್ನೇ. ಸಂಗ್ರಹದ ವ್ರತದ ಜೊತೆಗೆ ಬಳಕೆಯ ವ್ರತವನ್ನೂ ಪೂರ್ವಾಚಾರ್ಯರು ಏಕೆ ಇಟ್ಟರೆಂಬುದು ಅಡುಗೆಮನೆಯ ಲೆಕ್ಕದಿಂದ ಸ್ಪಷ್ಟವಾಯಿತು. ದಂಪತಿಗಳು ದಿನಸಿ, ಔಷಧಿ, ಆರೋಗ್ಯ ವಿಮೆಯ ಕಂತು, ಯಾತ್ರೆ, ನೆಂಟರಿಷ್ಟರ ಉಪಚಾರ ಎಲ್ಲವನ್ನೂ ಬರೆದು ಕೂಡಿಸಿದರು. ವರ್ಷಕ್ಕೆ 3.60 ಲಕ್ಷ ರೂಪಾಯಿ ಬಂತು. ಹತ್ತು ವರ್ಷಕ್ಕೆ 36 ಲಕ್ಷ. ಬ್ಯಾಂಕಿನಲ್ಲಿದ್ದದ್ದು 41 ಲಕ್ಷ.

ಏನೂ ಮಿಗುವುದಿಲ್ಲವೆಂದು ವರ್ಷಗಳಿಂದ ನಂಬಿದ್ದ ಮನೆಯಲ್ಲಿ ಐದು ಲಕ್ಷ ರೂಪಾಯಿ ಕಣ್ಣಿಗೆ ಬಿತ್ತು. ಆ ಹಣ ಅಂದು ಹುಟ್ಟಿದ್ದಲ್ಲ. ಮಿತಿಯ ಗೆರೆ ಅಳಿಸಿಹೋಗಿದ್ದರಿಂದ ಅದು ಕಂಡಿರಲಿಲ್ಲ, ಅಷ್ಟೆ.

ಆ ಹಣವನ್ನು ದಾನಕ್ಕೆ ತೆಗೆದಿಡುವ ಮೊದಲು ಇನ್ನೊಂದು ವಿಚಾರ ಬಂತು. ಆ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸಿಗೆ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಸಿಗುತ್ತದೆ. ಅನಿಲದ ಸಿಲಿಂಡರಿಗೂ ಮಗಳ ಶಾಲೆಯ ಆಟೋ ಬಾಡಿಗೆಗೂ ಅದು ಸರಿಹೋಗುತ್ತದೆ. ಬೆಂಗಳೂರಿನ ಮಗನ ಸಂಸಾರ ಒಂದು ಸಂಜೆ ಹೋಟೆಲಿನಲ್ಲಿ ಉಂಡು ಬಂದರೆ ಅಷ್ಟೇ ಆಗುತ್ತದೆ. ಏನೂ ಮಿಗುವುದಿಲ್ಲವೆಂದು ಇಬ್ಬರೂ ಹೇಳುತ್ತಾರೆ. ಒಬ್ಬರ ಮಾತು ಹಸಿವಿನದು, ಇನ್ನೊಬ್ಬರದು ಅಭ್ಯಾಸದ್ದು. ಆಕೆಯ ಸಂಬಳ ನಾಲ್ಕು ವರ್ಷಗಳಿಂದ ಏರಿರಲಿಲ್ಲ. ದುಡಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಉಳಿಸಿದ ಹಣ ಮಿಗತೆಯಲ್ಲ, ಬಾಕಿ. ಮೊದಲು ಆ ಬಾಕಿ ತೀರಿತು, ಸಂಬಳ ಏರಿತು. ಅನಂತರ ಉಳಿದುದು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಿಗೆ ಸಂದಿತು. ಪ್ರತಿ ದೀಪಾವಳಿಗೆ ಹೀಗೆಯೇ ಲೆಕ್ಕ ಮಾಡುವುದೆಂದು ನಿಶ್ಚಯವಾಯಿತು. ಮಗನು ಇನ್ನೂ ಒಪ್ಪಿಲ್ಲ. ತಂದೆಯವರೂ ಒತ್ತಾಯಿಸಿಲ್ಲ, ಒತ್ತಾಯದಿಂದ ಬಂದುದು ವ್ರತವಾಗದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಸಮೀಕ್ಷೆಯಂತೆ ಹಳ್ಳಿಯ ಮನೆಗಳ ಖರ್ಚಿನಲ್ಲಿ ನೂರಕ್ಕೆ 47 ಪಾಲು ಆಹಾರಕ್ಕೇ ಹೋಗುತ್ತದೆ. ತಿಂಗಳಿಗೆ 1,677 ರೂಪಾಯಿಯಲ್ಲಿ ಜೀವ ಹಿಡಿದಿರುವವನಿಗೆ ಅಪರಿಗ್ರಹವನ್ನು ಉಪದೇಶಿಸುವುದು ಧರ್ಮವಲ್ಲ, ನಿಷ್ಕರುಣೆ. ಇಲ್ಲದವನ ಬರಿಗೈಯನ್ನು ತ್ಯಾಗವೆಂದು ಹೊಗಳುವುದೂ ಸಲ್ಲದು. ಪರಿಮಾಣದ ವ್ರತವು ಉಳ್ಳವರಿಗಾಗಿಯೇ ಇದೆ. ತಾವು ಉಳ್ಳವರೆಂದು ಒಪ್ಪಿಕೊಳ್ಳುವುದೇ ಅದರ ಮೊದಲ ಮೆಟ್ಟಿಲು.

ಎಷ್ಟಿದ್ದರೆ ಸಿರಿವಂತ ಎಂಬ ಪ್ರಶ್ನೆಗೆ ಲೋಕವು ಸಂಖ್ಯೆಯನ್ನು ಹುಡುಕುತ್ತಲೇ ಇರುತ್ತದೆ. ಸಂಖ್ಯೆಯು ವರ್ಷವರ್ಷಕ್ಕೆ ಓಡುತ್ತಲೇ ಇರುತ್ತದೆ. ಇಷ್ಟು ಸಾಕೆಂದು ಬರೆದಿಟ್ಟ ಮನೆಯಲ್ಲಿ ಮಾತ್ರ ಅದಕ್ಕಿಂತ ಹೆಚ್ಚಿನದು ಹೆಚ್ಚೆಂದು ತೋರುತ್ತದೆ, ಕೊಡಲೂ ಕೈ ಬರುತ್ತದೆ. ಓದುಗರ ಮನೆಯಲ್ಲಿಯೂ ಲೆಕ್ಕದ ಪುಸ್ತಕವಿರುತ್ತದೆ. ಅದರಲ್ಲಿ ಬಂದದ್ದು ಮತ್ತು ಹೋದದ್ದು ಎಂಬ ಎರಡು ಪಟ್ಟಿಗಳ ಪಕ್ಕದಲ್ಲಿ ಸಾಕಾದದ್ದು ಎಂಬ ಮೂರನೆಯ ಪಟ್ಟಿಯನ್ನು ಬರೆಯಲು ಹಾಳೆಯ ಅಂಚಿನಲ್ಲಿ ಸ್ಥಳವಿದ್ದೇ ಇದೆ.